ಸೋದರತ್ತೆಯ ನಗು, ಕಿತ್ತಳೆ ಬಣ್ಣದ ಕಾಳು

ನಮ್ಮ ಸೋದರತ್ತೆಯನ್ನು ಯಾರೂ ನಗಿಸಬಾರದು ಎಂಬುದು ನಮ್ಮ ಬಂಧುಬಳಗದ ಕಟ್ಟಳೆಯಾಗಿತ್ತು. ನಕ್ಕರೆ ಆಕೆಗೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ಉಬ್ಬಸ ಏಳುತ್ತಿತ್ತು. ಆಮೇಲೆ ಎರಡೂ ಕೈ ಮಂಡಿಯ ಮೇಲೂರಿ ಕೂತು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವಂತೆ ಎಳೆದುಕೊಳ್ಳುವಳು. ತಮಾಷೆಯೆಂದರೆ, ನಮ್ಮ ಪೈಕಿ ಆಕೆಯಷ್ಟು ನಗಿಸುವವರು ಇನ್ನೊಬ್ಬರಿರಲಿಲ್ಲ. ಎದುರಿಗಿದ್ದವರ ನಡಿಗೆ, ಮಾತು, ಸೀನು ಎಲ್ಲವನ್ನೂ ಅಣಕಿಸುವಳು. ನಾವು ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡುವೆವು. ನಮ್ಮ ನಗು ಕಂಡರೆ ಆಕೆಗೂ ನಗು ಬಂದುಬಿಡುತ್ತಿತ್ತಲ್ಲ!

ಆಕೆಯ ಮನೆ ಹಳ್ಳಿಮೈಸೂರಿನ ಹತ್ತಿರದ ಒಂದು ಊರಲ್ಲಿ. ಗಂಡ ಹೆಂಡತಿ ಇಬ್ಬರೂ ಹಿಪ್ಪುನೇರಳೆ ಹಾಕಿ ಬದುಕುತ್ತಿದ್ದರು. ಉಬ್ಬಸಕ್ಕೆಂದು ಕಷಾಯ, ಲೇಹ್ಯ, ಮೊಸರು ಬಿಟ್ಟ ಪಥ್ಯ ಎಲ್ಲವೂ ಮಾಡಿ ಮುಗಿದಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ನಾನು ಹಾಸನದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿ ಸೇರಿದೆ. ಅದೇ ಕಟ್ಟಡದ ಕೆಳಗೆ ಒಬ್ಬ ವೈದ್ಯರ ಕ್ಲಿನಿಕ್ಕಿತ್ತು. ನಾನು ಹಟ ಹಿಡಿದದ್ದಕ್ಕೆ ಮಾವ ಅತ್ತೆಯನ್ನು ಕರೆದುಕೊಂಡು, ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ, ಹಾಸನಕ್ಕೆ ಬಂದರು.

ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ರಕ್ತಪರೀಕ್ಷೆಗೆ ಮೇಲಕ್ಕೆ ಕಳಿಸಿದರು.

"ಮೆಲ್ಲಗೆ ಚುಚ್ಚೇ, ನಿಮ್ಮಪ್ಪನ್ನ ಎತ್ತಾಡ್ಸಿದ ಕೈ ಕಣೇ ಇದು" ಎಂದು ಅತ್ತೆ ಬೆರಳು ಕೊಟ್ಟಳು.

ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಬಿಳಿ ರಕ್ತಕಣಗಳಲ್ಲಿ ಇಯೋಸಿನೋಫಿಲ್ ಎಂಬ ಒಂದು ಬಗೆಯಿದೆ. ಬಣ್ಣ ಹಾಕಿದಾಗ ಅದರೊಳಗಿನ ಕಾಳುಗಳು ಕಿತ್ತಳೆಗೆ ತಿರುಗುತ್ತವೆ. ಆರೋಗ್ಯವಂತರ ರಕ್ತದಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ಕಣ, ಅತ್ತೆಯದರಲ್ಲಿ ಗಾಜನ್ನು ಎತ್ತ ಸರಿಸಿದರೂ ಸಿಕ್ಕಿತು. ನಮ್ಮ ಮೇಲ್ವಿಚಾರಕಿಯೂ ನೋಡಿ ತಲೆಯಾಡಿಸಿದರು. ಅತ್ತೆಗೂ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದವಳು, "ಅಯ್ಯೋ, ಬೂಂದಿಕಾಳು!" ಎಂದಳು.

ವರದಿ ಹಿಡಿದು ಕೆಳಗಿಳಿದೆವು.

"ಈ ಕಣ ಹೆಚ್ಚಾಗೋಕೆ ಸಾಮಾನ್ಯವಾಗಿ ಎರಡು ಕಾರಣ" ಎಂದರು ವೈದ್ಯರು. "ಒಂದು ಅಲರ್ಜಿ. ಇನ್ನೊಂದು ಹುಳ. ಹುಳ ಇದೆಯೇನಮ್ಮ?"

"ಒಟ್ಟೇಲಿ ಅವೋ ಇಲ್ವೋ ಕಾಣೆ ಸಾ" ಎಂದಳು ಅತ್ತೆ. "ಮನೆ ತುಂಬ ಮಾತ್ರ ಅವೆ. ನಾನು ಮಲ್ಗಾದೇ ಅವುಗಳ ಮಗ್ಗುಲಲ್ಲಿ."

ವೈದ್ಯರ ಪೆನ್ನು ನಿಂತಿತು. ಮಾವ ನಾಚಿಕೊಂಡು, "ರೇಸ್ಮೆ ಉಳ ಸಾ. ಸಾಕ್ತೀವಿ" ಎಂದರು. ವೈದ್ಯರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗು ನಿಂತ ಮೇಲೆ ತಟ್ಟನೆ ಗಂಭೀರವಾಗಿ ಕೇಳಿದರು: "ಉಬ್ಬಸ ಯಾವಾಗ ಜಾಸ್ತಿ?"

ಅತ್ತೆ ಯೋಚಿಸಿದಳು. "ಗೂಡು ಬಿಡ್ಸುವಾಗ ಸಾ. ಬೆಳೆ ಮುಗ್ದು ಮನೆ ತೊಳ್ದುಬುಟ್ರೆ ಒಸಿ ಪರವಾಗಿಲ್ಲ. ತೌರಿಗೋಗಿ ನಾಕ್ ದಿನ ಇದ್ರೆ ಇಳ್ದೇ ಓಯ್ತದೆ."

ಅಷ್ಟು ವರ್ಷ ಇದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ವೈದ್ಯರು ನಿಧಾನವಾಗಿ ಬಿಡಿಸಿ ಹೇಳಿದರು. ಹೊಟ್ಟೆಯ ಹುಳದ ವಿರುದ್ಧ ಹೋರಾಡುವ ಈ ಕಣಗಳು, ಅಲರ್ಜಿ ಇರುವವರಲ್ಲಿ ಗೂಡು ಬಿಡಿಸುವಾಗ ಏಳುವಂಥ ಬರೀ ಧೂಳಿಗೂ ಎದ್ದು ಬರುತ್ತವೆ. ಶ್ವಾಸನಾಳದಲ್ಲಿ ಸೇರಿ ಊತ ತರುತ್ತವೆ. ಊದಿದ ನಾಳ ತಣ್ಣನೆ ಗಾಳಿಗೂ ಜೋರು ನಗುವಿಗೂ ಬಿಗಿದುಕೊಳ್ಳುತ್ತದೆ. "ಬರೀ ಈ ಲೆಕ್ಕ ನೋಡಿ ಆಸ್ತಮಾ ಅನ್ನೋಕಾಗಲ್ಲ. ಲೆಕ್ಕ ಸರಿಯಿದ್ದೂ ಉಬ್ಬಸ ಇರೋರಿದ್ದಾರೆ. ಆದರೆ ನಿಮ್ಮ ಎದೆ, ನಿಮ್ಮ ರಕ್ತ, ನಿಮ್ಮ ಮಾತು ಮೂರೂ ಒಂದೇ ಕಡೆ ಬೆರಳು ತೋರಿಸ್ತಿವೆ."

ಜಂತುಹುಳದ ಮಾತ್ರೆ ಜೊತೆಗೆ ಸೇದುವ ಔಷಧಿ ಬರೆದರು. ಸೇದುವುದು ಎಂದದ್ದೇ ಮಾವನಿಗೆ ಭಯ. "ಇದು ಅಂಟ್ಕಂಡ್ಬುಟ್ರೆ ಸಾ?"

"ನಿಮ್ಮ ಬೀಡಿ ಅಂಟ್ಕೊಂಡಿದೆಯಲ್ಲ, ಹಾಗೆ ಇದು ಅಂಟಲ್ಲ. ಅದನ್ನೂ ಮನೆಯೊಳಗೆ ಸೇದಬೇಡಿ."

ಮಾವ ಅಂಗಿಯ ಜೇಬಿನ ಮೇಲೆ ಕೈ ಮುಚ್ಚಿಕೊಂಡರು.

ಊರಿಗೆ ಹೋದವರೇ ಹೊಲದ ಬದುವಿನಲ್ಲಿ ಗಳ ನೆಟ್ಟು, ತೆಂಗಿನ ಗರಿ ಹೊದಿಸಿ ಹುಳುವಿಗೆ ಬೇರೆ ಮನೆ ಕಟ್ಟಿದರು. ಗೂಡು ಬಿಡಿಸುವ ಕೆಲಸ ಮಾವನದಾಯಿತು. ಸೊಪ್ಪು ಹಾಕಲು ಹೋಗುವಾಗ ಅತ್ತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವಳು. ಮನೆಗೆ ಹೊಸದಾಗಿ ಸುಣ್ಣ ಬಳಿದರು. ಕೆಲವು ತಿಂಗಳ ನಂತರ ಮತ್ತೆ ರಕ್ತ ನೋಡಿದಾಗ ಕಿತ್ತಳೆ ಕಣಗಳು ಹುಡುಕಿದರಷ್ಟೇ ಸಿಕ್ಕವು. ನಾನು ಕುಣಿಯುತ್ತ ವರದಿ ಕೊಟ್ಟೆ. ವೈದ್ಯರು ಅದನ್ನು ಪಕ್ಕಕ್ಕಿಟ್ಟು, "ಹೊಲಕ್ಕೆ ನಡೆದುಹೋಗುವಾಗ ಎಲ್ಲಾದರೂ ನಿಲ್ತೀರಾ?" ಎಂದು ಅತ್ತೆಯನ್ನೇ ಕೇಳಿದರು.

"ನಿಲ್ತೀನಿ ಸಾ. ಇವ್ರು ಇಂದೆ ಉಳ್ಕಂಡ್ಬುಡ್ತಾರಲ್ಲ, ಕಾಯ್ಬೇಕು."

ಮುಂದಿನ ಬೇಸಿಗೆಯಲ್ಲಿ ಅರಕಲಗೂಡಿನಲ್ಲಿ ನನ್ನ ತಮ್ಮನ ಮದುವೆ. ಹೆಣ್ಣಿನ ಕಡೆಯ ಹೆಂಗಸರು ಬೀಗರನ್ನು ಗೇಲಿ ಮಾಡುವ ಹಾಡು ಹೇಳತೊಡಗಿದರು. ನಮ್ಮ ಕಡೆಯಿಂದ ಅತ್ತೆ ಎದ್ದಳು. ಹೆಣ್ಣಿನ ಕಡೆಯ ಬೀಗರು ಪಂಚೆ ಎತ್ತಿ ಕಟ್ಟಿಕೊಂಡು ಪಾಯಸಕ್ಕೆ ಅಡುಗೆಯವರ ಹಿಂದೆ ಅಲೆದದ್ದನ್ನು ನಡೆದೇ ತೋರಿಸಿ, ಅದಕ್ಕೊಂದು ಹಾಡು ಕಟ್ಟಿ, ಕೊನೆಗೆ ತಾನೇ ತಡೆಯಲಾರದೆ ಗಟ್ಟಿಯಾಗಿ ನಕ್ಕಳು. ನಾವೆಲ್ಲ ಅಭ್ಯಾಸಬಲದಿಂದ ಉಸಿರು ಹಿಡಿದು ನಿಂತೆವು. ಅತ್ತೆ ಒಂದು ಸಲ ಕೆಮ್ಮಿದಳು. ಎಲೆಅಡಿಕೆ ಚೀಲದಿಂದ ಔಷಧಿ ತೆಗೆದು ಸೇದಿ, ಬಾಯಿ ಒರೆಸಿಕೊಂಡು ನಮ್ಮತ್ತ ತಿರುಗಿದಳು.

"ಇದ್ಯಾಕಿಂಗ್ ಕಂಬದಂಗೆ ನಿಂತಿದ್ದೀರಿ? ನಗ್ರಲಾ!"

ಇಡೀ ಛತ್ರ ನಕ್ಕಿತು. ಬೆಳಗಿನಿಂದ ತಲೆ ಎತ್ತದೆ ಕೂತಿದ್ದ ಮದುಮಗಳೂ ನಕ್ಕಳು. ನಕ್ಕ ರಭಸಕ್ಕೆ ಅವಳ ಬಾಸಿಂಗ ಹಣೆಯಿಂದ ಕೆಳಗೆ ಜಾರಿ, ಇಬ್ಬರು ಹೆಂಗಸರು ಓಡಿಬಂದು ಹಿಡಿದುಕೊಳ್ಳಬೇಕಾಯಿತು.