ಗಫಾರ್ ಸಾಬರ ಕಾರು ಕೆಂಪು ಗೆರೆ ಮುಟ್ಟಿದ್ದು

ಗಫಾರ್ ಸಾಬರ ಬೆರಳ ತುದಿಗಳು ಸದಾ ನೆನೆಸಿಟ್ಟ ಬಾದಾಮಿಯಂತೆ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಚನ್ನಪಟ್ಟಣದಲ್ಲಿ ನಮ್ಮ ಪಕ್ಕದ ಮನೆ ಅವರದು. ಹಿತ್ತಿಲ ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಗೂಡು ಬೇಯುವ ಬಿಸಿನೀರಿನಲ್ಲಿ ದಿನವಿಡೀ ಆಡಿದ ಬೆರಳುಗಳವು.

ಎದುರಿಗೆ ಏನು ಕಂಡರೂ ಅದು ಯಾಕೆ ಹಾಗೆ ಎಂದು ಕೇಳುವುದು ಅವರ ಚಾಳಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನೆಂದು ತಿಳಿದ ಮೇಲಂತೂ ನನಗೆ ಬಿಡುವೇ ಇರಲಿಲ್ಲ. ಸಂಜೆ ಕಾಂಪೌಂಡಿನ ಮೇಲೆ ಮೊಣಕೈಯೂರಿ, "ಮೇಷ್ಟ್ರೇ, ಹಲ್ಲಿ ಸೂರಲ್ಲಿ ತಲೆಕೆಳಗಾಗಿ ಓಡ್ತದಲ್ಲ, ಅದಕ್ಕೆ ತಲೆ ತಿರುಗಲ್ವಾ?" ಅನ್ನುವರು. ಗೊತ್ತಿಲ್ಲವೆಂದರೆ ಅವರಿಗೆ ಇನ್ನಷ್ಟು ಖುಷಿ. "ಹಂಗಾದ್ರೆ ಇಬ್ರೂ ಸೇರಿ ನೋಡಾನ."

ಅವರ ಹೆಂಡತಿ ಜೈಬುನ್ ಬೀಬಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ನಡುಕ. ಹಿಂದೆ ಒಮ್ಮೆ ಆಸ್ಪತ್ರೆಯ ಗೇಟಿನಿಂದಲೇ ವಾಪಸ್ ಬಂದವರನ್ನು ಮತ್ತೆ ಒಪ್ಪಿಸುವಷ್ಟರಲ್ಲಿ ಸಾಬರಿಗೆ ಸಾಕುಸಾಕಾಗಿತ್ತು. ಕೊನೆಗೊಂದು ಬೆಳಿಗ್ಗೆ ತಮ್ಮ ಹಳೆಯ ಬಿಳಿ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ರಾಮನಗರದ ಆಸ್ಪತ್ರೆಗೆ ಹೊರಟರು. ಜೊತೆಗಿರಲೆಂದು ನನ್ನನ್ನೂ ಕರೆದರು.

ಹೆದ್ದಾರಿಯ ಬೊಂಬೆ ಅಂಗಡಿಗಳ ಸಾಲು ದಾಟುವ ಮೊದಲೇ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. "ಸಾಬರೇ, ಮುಳ್ಳು ನೋಡಿ" ಎಂದೆ. ಅವರು ಕಾರನ್ನು ಪಕ್ಕಕ್ಕೆ ಹಾಕಿದರು.

ಹಿಂದಿನ ಸೀಟಿನಿಂದ ಬೀಬಿ, "ನಾನು ಬ್ಯಾಡ ಅಂದಿದ್ದೆ. ಗಾಡಿನೂ ಬ್ಯಾಡ ಅಂತೈತೆ. ಮನೆಗೆ ನಡೀರಿ" ಎಂದರು.

ತಿರುಗಿಸಿದರೆ ಆಕೆ ಮತ್ತೆಂದೂ ಹೊರಡುವವರಲ್ಲ. ಮುಂದೆ ಹೋಗಿ ಮುಳ್ಳಿನ ಮಾತು ನಿಜವಾಗಿಬಿಟ್ಟರೆ ಇಂಜಿನ್ನೇ ಹಾಳು. ಸಾಬರು ಬಾನೆಟ್ ಎತ್ತಿದರು. ಹಬೆಯಿಲ್ಲ, ಕುದಿಯುವ ಸದ್ದಿಲ್ಲ. ರೇಡಿಯೇಟರಿನ ರಬ್ಬರ್ ಪೈಪು ಮುಟ್ಟಿದರು. "ಗೂಡು ಬೇಯಿಸೋ ನನ್ನ ಬಾಣಲೆ ನೀರು ಇದಕ್ಕಿಂತ ಬಿಸಿ." ಇಂಜಿನ್ನಿನ ಮೇಲೆ ಸ್ವಲ್ಪ ನೀರು ಚಿಮುಕಿಸಿದರು. ಚುರ್ ಅನ್ನಲಿಲ್ಲ. ಬಟ್ಟೆ ಸುತ್ತಿ ಮುಚ್ಚಳ ನಿಧಾನವಾಗಿ ತಿರುವಿದರು. ನೀರು ತುಂಬಿತ್ತು.

ಪಕ್ಕದಲ್ಲಿ ನಿಂತಿದ್ದ ನಾನು ವಾಪಸ್ ಒಳಗೆ ಕೂತಾಗ ಪೆಟ್ರೋಲಿನ ಮುಳ್ಳು ಕಣ್ಣಿಗೆ ಬಿತ್ತು. "ನಿನ್ನೆ ಪೆಟ್ರೋಲ್ ಫುಲ್ ಹಾಕಿಸಿದ್ರಾ?"

"ಇಲ್ಲ, ಒಸಿ ಹಾಕಿಸ್ದೆ."

"ಫುಲ್ ತೋರಿಸ್ತಿದೆಯಲ್ಲ."

ಅವರು ಓಡಿ ಬಂದು ಬಗ್ಗಿ ನೋಡಿದರು. ಮುಖ ಅರಳಿತು. "ಎರಡು ಮುಳ್ಳೂ ಒಟ್ಟಿಗೇ ಸುಳ್ಳು ಹೇಳ್ತಾವೆ ಅಂದ್ರೆ, ಎರಡಕ್ಕೂ ಹೇಳ್ಕೊಟ್ಟೋನು ಒಬ್ಬ ಅವ್ನೆ ಮೇಷ್ಟ್ರೇ." ಆಮೇಲೆ ಬೀಬಿಯತ್ತ ತಿರುಗಿ, "ಇಂಜಿನ್ ತಣ್ಣಗೈತೆ, ಕೈಯಿಟ್ಟು ನೋಡ್ತೀಯಾ?" ಎಂದರು.

ಬೀಬಿ ನಿಜಕ್ಕೂ ಇಳಿದರು. ಗಂಡನ ಕೈ ಹಿಡಿದು ಬಂದು ಪೈಪು ಮುಟ್ಟಿದರು. ವಾಪಸ್ ಹೋಗಿ ಕೂತು, "ಹೊತ್ತಾಯ್ತದೆ, ನಡೀರಿ" ಎಂದರು. ಸಾಬರು ದಾರಿಯಲ್ಲಿ ಮತ್ತೊಮ್ಮೆ ನಿಲ್ಲಿಸಿ ಪರೀಕ್ಷಿಸಿದರು. ಆಪರೇಷನ್ ಆಯಿತು.

ಆ ಭಾನುವಾರ ನಾವಿಬ್ಬರೂ ಡ್ಯಾಶ್‌ಬೋರ್ಡ್ ಬಿಚ್ಚಿದೆವು. ಎರಡು ಮುಳ್ಳುಗಳಿಗೂ ಒಂದೇ ಅಳತೆಯ ಕರೆಂಟ್ ಕೊಡುವ ಪುಟ್ಟ ತಗಡಿನ ಡಬ್ಬಿಯೊಂದು ಹಿಂದೆ ಇತ್ತು. ಅದನ್ನು ಕಾರಿನ ಮೈಗೆ ಬಿಗಿದಿದ್ದ ಅರ್ಥಿಂಗ್ ಸ್ಕ್ರೂಗೆ ತುಕ್ಕು ಹಿಡಿದು, ಕರೆಂಟ್ ಅಳತೆ ಮೀರಿ ಹರಿಯುತ್ತಿತ್ತು. ಉಪ್ಪುಕಾಗದದಿಂದ ಉಜ್ಜಿ ಬಿಗಿದ ಮೇಲೆ ಎರಡೂ ಮುಳ್ಳು ಇಳಿದವು. ಸಾಬರು ಸ್ಕ್ರೂ ಸಡಿಲಿಸಿ, ಬಿಗಿದು, ಮತ್ತೆ ಸಡಿಲಿಸಿ, ಅವು ಏರಿಳಿಯುವುದನ್ನು ನೋಡುತ್ತಲೇ ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ.

ಹೋದ ಮಳೆಗಾಲದಲ್ಲಿ ಅವರು ಉಸಿರಾಟದ ತೊಂದರೆಯಿಂದ ಹಾಸಿಗೆ ಹಿಡಿದರು. ನೋಡಲು ಹೋದಾಗ, "ಹುಳ ಗೂಡು ಕಟ್ಟೋಕೆ ಮುಂಚೆ ಸೊಪ್ಪು ತಿನ್ನೋದು ನಿಲ್ಲಿಸ್ತದಲ್ಲ, ಸಾಕು ಅಂತ ಯಾರು ಹೇಳ್ತಾರೆ?" ಎಂದರು. ಮೈಯೊಳಗಿನ ಒಂದು ರಸ ಕಡಿಮೆಯಾಗುತ್ತದೆ ಎಂದೆ. "ಕಡಿಮೆಯಾಗು ಅಂತ ಆ ರಸಕ್ಕೆ ಯಾರು ಹೇಳ್ತಾರೆ?" ಎಂದರು.

ಓದಿಕೊಂಡು ಬರುತ್ತೇನೆಂದು ಹೇಳಿ ಬಂದೆ. ಅದೇ ವಾರ ಅವರು ಹೋಗಿಬಿಟ್ಟರು.

ಎಲ್ಲ ಮುಗಿದ ಮೇಲೆ ಒಂದು ಸಂಜೆ ಬೀಬಿಯನ್ನು ಮಾತಾಡಿಸಲು ಹೋದೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತೆ. ಆಕೆ ಚಾಪೆ ಹಾಸಿ, ಎದುರಿಗೆ ಕೂತು, "ಅವ್ರು ಹುಳದ ವಿಷ್ಯ ಏನೋ ಕೇಳಿದ್ರಂತಲ್ಲ ಮೇಷ್ಟ್ರೇ, ನನಗೇ ಹೇಳಿ" ಎಂದರು.