ಮೇಷ್ಟ್ರ ಹೆಂಡತಿ ಬಾವುಟ ಹಾರಿಸಿದ್ದು

ಅರವತ್ತರ ದಶಕದ ನಡುವಿನಲ್ಲಿ ನಾನು ತೀರ್ಥಹಳ್ಳಿಯ ಪ್ರಾಥಮಿಕ ಶಾಲೆಯೊಂದಕ್ಕೆ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನನ್ನ ಊರು ಹೊಸನಗರದ ಕಡೆ. ಚಿಕ್ಕಂದಿನಿಂದಲೂ ಉಬ್ಬಸ. ಪಾಠ ಓದಿಸುತ್ತಿರುವಾಗಲೇ ಉಸಿರು ಸಿಕ್ಕಿಕೊಂಡು ಕುರ್ಚಿ ಹಿಡಿದು ನಿಂತುಬಿಡುತ್ತಿದ್ದೆ. ಗುಳಿಗೆ ಕೊಟ್ಟು ಕೊಟ್ಟು ಸಾಕಾದ ಡಾಕ್ಟರು, "ಹೊಳೆ ದಾರೀಲಿ ಒಂದು ಯೋಗಶಾಲೆ ಇದೆ, ಹೆಂಗಸರಿಗೂ ಕಲಿಸ್ತಾರೆ. ಹೋಗಿ ನೋಡಿ," ಎಂದರು.

ಯೋಗಶಾಲೆ ಎಂದರೆ ಹಿಂದೆ ಅಕ್ಕಿ ಮೂಟೆ ಪೇರಿಸುತ್ತಿದ್ದ ಉದ್ದನೆಯ ಕೋಣೆ. ಸಗಣಿ ಸಾರಿಸಿದ ನೆಲಕ್ಕೆ ಚಾಪೆ ಹಾಸಿದ್ದರು. ಕಲಿಸುವವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ನಲವತ್ತೆರಡರ ಚಳವಳಿಯಲ್ಲಿ ಜೈಲು ಸೇರಿ, ಅಲ್ಲಿ ಜೊತೆಗಿದ್ದ ಕೈದಿಯೊಬ್ಬರಿಂದ ಯೋಗ ಕಲಿತು ಬಂದವರು. ಬೆಳಿಗ್ಗೆ ಗಂಡಸರ ತರಗತಿ, ಸಂಜೆ ನಾವು ನಾಲ್ಕೈದು ಹೆಂಗಸರು. ಮೇಷ್ಟ್ರ ಮನೆ ಅದೇ ಕಟ್ಟಡದ ಹಿಂಭಾಗದಲ್ಲಿತ್ತು. ಅವರ ಹೆಂಡತಿಯನ್ನು ನಾವು ಹಿತ್ತಿಲ ಬಾವಿಯ ಹತ್ತಿರ ಕಂಡಿದ್ದೇ ಹೊರತು ತರಗತಿಯಲ್ಲಿ ಎಂದೂ ಕಂಡಿರಲಿಲ್ಲ.

ಆ ವರ್ಷ ಗಣರಾಜ್ಯೋತ್ಸವಕ್ಕೆ ಗಂಡಸರು, ಹೆಂಗಸರು ಒಟ್ಟಿಗೆ ಬರಬೇಕೆಂದು ಮೇಷ್ಟ್ರು ಹೇಳಿದರು. ಗಂಡಸರ ಎದುರು ಆಸನ ಹಾಕುವುದು ಹೇಗೆಂದು ನಮ್ಮಲ್ಲಿ ಗುಸುಗುಸು ಶುರುವಾಯಿತು. ಅಂಚೆ ಮಾಸ್ತರರ ಹೆಂಡತಿ ಧೈರ್ಯ ಮಾಡಿ ಕೇಳಿಯೇಬಿಟ್ಟರು.

"ಆಸನ ಬೇಡ," ಎಂದರು ಮೇಷ್ಟ್ರು. "ಬಾವುಟ ಹಾರಿಸಿ, ರಾಷ್ಟ್ರಗೀತೆ ಹೇಳಿ, ಆಮೇಲೆ ಕೂತು ಉಸಿರಾಡಿದ್ರೆ ಸಾಕು. ಗೀತೆ ಅಕ್ಕೋರು ಶುರು ಮಾಡ್ಲಿ."

ಅಕ್ಕೋರು ಅಂದರೆ ನಾನು. "ನಂಗೆ ಅರ್ಧಕ್ಕೇ ದಮ್ಮು ಕಟ್ತದೆ ಮೇಷ್ಟ್ರೇ," ಎಂದೆ.

"ಕಟ್ಟಿದ್ರೆ ನಿಲ್ಸಿ. ಉಳಿದೋರು ಹೇಳ್ತಾರೆ."

ಆ ದಿನ ನಸುಕಿನಲ್ಲಿ ಮಂಜು ದಟ್ಟವಾಗಿತ್ತು. ಗಂಡಸರು ಕಂಬಳಿ ಹೊದ್ದು ಒಂದು ಕಡೆ, ನಾವು ಇನ್ನೊಂದು ಕಡೆ ಅಂಗಳದಲ್ಲಿ ನಿಂತೆವು. ಪ್ರತಿ ವರ್ಷದಂತೆ ಮೇಷ್ಟ್ರೇ ಬಾವುಟ ಹಾರಿಸುತ್ತಾರೆಂದುಕೊಂಡಿದ್ದೆವು. ಅವರು ಮನೆ ಬಾಗಿಲಿಗೆ ಹೋಗಿ ಹೆಂಡತಿಯನ್ನು ಕರೆದರು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ಈ ಸಲ ನೀನು ಹಾರಿಸು."

"ನಂಗೆಂತ ಗೊತ್ತು ಅದೆಲ್ಲ? ಒಳಗೆ ಅವಲಕ್ಕಿ ಕಲಸೋದು ಬಾಕಿ ಇದೆ."

ಜೈಲಿನ ಮಾತನ್ನು ಎಂದೂ ಆಡದ ಮೇಷ್ಟ್ರು ನಮ್ಮ ಕಡೆ ತಿರುಗಿದರು. "ಜೈಲಲ್ಲಿ ನಂಗೆ ಎರಡು ಹೊತ್ತು ಗಂಜಿಯಾದ್ರೂ ಸಿಗ್ತಿತ್ತು. ಇವಳು ಎರಡು ಮಕ್ಕಳನ್ನ ಕಟ್ಕೊಂಡು ಅವರಿವರ ಮನೇಲಿ ಭತ್ತ ಕುಟ್ಟಿದ್ಲು. ಹೊರಗೆ ಬಂದಾಗ ಜನ ನಂಗೆ ಹಾರ ಹಾಕಿದ್ರು. ಇವಳನ್ನ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಆಕೆ ತಲೆ ತಗ್ಗಿಸಿದರು. "ಈಗ ಯಾಕೆ ಅದೆಲ್ಲ, ಜನರ ಎದುರಿಗೆ," ಎಂದು ಮೆಲ್ಲಗೆ ಹೇಳಿ, ಸೆರಗು ಸಿಕ್ಕಿಸಿಕೊಂಡು ಹಗ್ಗ ಹಿಡಿದರು.

ಬಾವುಟ ಮೇಲೇರಿತು, ಬಿಚ್ಚಿಕೊಳ್ಳಲಿಲ್ಲ. ಒಬ್ಬರು ಸಹಾಯಕ್ಕೆ ಮುಂದೆ ಬಂದರು. "ಇರ್ಲಿ, ನಾನೇ ನೋಡ್ತೀನಿ," ಎಂದು ಆಕೆ ಅವಸರವಿಲ್ಲದೆ ಅದನ್ನು ಕೆಳಗಿಳಿಸಿ, ಗಂಟು ಸಡಿಲ ಮಾಡಿ, ಮತ್ತೆ ಏರಿಸಿದರು. ಈ ಸಲ ಬಿಚ್ಚಿಕೊಂಡಿತು. ಒಳಗಿಟ್ಟಿದ್ದ ಸೇವಂತಿಗೆಯ ಎಸಳುಗಳು ಅವರ ತಲೆ, ಹೆಗಲ ಮೇಲೆಲ್ಲ ಉದುರಿದವು. ಗೀತೆ ಶುರು ಮಾಡಬೇಕೆಂಬುದೇ ನನಗೆ ಮರೆತುಹೋಗಿತ್ತು. ಮೇಷ್ಟ್ರು ನನ್ನತ್ತ ನೋಡಿದ ಮೇಲೆ ನೆನಪಾಯಿತು.

ಗೀತೆಯ ನಡುವೆ ಎದೆ ಬಿಗಿಯಿತು, ನನ್ನ ದನಿ ನಿಂತಿತು. ಆಗ ಆಕೆಯ ದನಿ ಕೇಳಿಸಿತು. ಶ್ರುತಿ ಹೇಗೆ ಹೇಗೋ ಇತ್ತು, ಪದ ಒಂದೂ ತಪ್ಪಲಿಲ್ಲ. ಪ್ರತಿ ವರ್ಷ ಅಡುಗೆಮನೆಯಲ್ಲಿ ನಿಂತು ಕೇಳಿಯೇ ಕಲಿತಿದ್ದರಂತೆ. ಉಳಿದವರು ಅವರನ್ನು ಹಿಂಬಾಲಿಸಿದರು. ಕೊನೆಯ ಸಾಲಿಗೆ ನನಗೂ ಉಸಿರು ಮರಳಿ, ಸೇರಿಕೊಂಡೆ. ಅವಲಕ್ಕಿ ಆ ದಿನ ತಡವಾಯಿತು, ನಾನು ನಮ್ಮ ಶಾಲೆಯ ಧ್ವಜವಂದನೆಗೆ ಓಡುತ್ತಲೇ ಹೋದೆ.

ಮರುವಾರದಿಂದ ಆಕೆ ಸಂಜೆಯ ತರಗತಿಗೆ ಬರತೊಡಗಿದರು. ಮುಂದೆ ನನಗೆ ಸಾಗರಕ್ಕೆ ವರ್ಗವಾಗುವವರೆಗೂ ನನ್ನ ಪಕ್ಕದ ಚಾಪೆ ಅವರದೇ. ಮೊದಲ ದಿನ ಕೊನೆಗೆ ಎಲ್ಲರೂ ಶವಾಸನದಲ್ಲಿ ಮಲಗಿದೆವು. ಏಳುವಾಗ ನೋಡಿದರೆ ಆಕೆಗೆ ನಿದ್ದೆ ಹತ್ತಿ, ಸಣ್ಣಗೆ ಗೊರಕೆಯೂ ಬರುತ್ತಿತ್ತು. ಅಂಚೆ ಮಾಸ್ತರರ ಹೆಂಡತಿ ಎಬ್ಬಿಸಲು ಬಗ್ಗಿದರು.

"ಮಲಗ್ಲಿ ಬಿಡಿ," ಎಂದರು ಮೇಷ್ಟ್ರು. ನಾವು ಸದ್ದಾಗದಂತೆ ಚಾಪೆ ಸುತ್ತಿಟ್ಟೆವು. ಅವರೇ ಒಳಗೆ ಹೋಗಿ ಒಲೆ ಹೊತ್ತಿಸಿ ನಮಗೆಲ್ಲ ಕಾಫಿ ಮಾಡಿ ತಂದರು. ಬೆಲ್ಲ ವಿಪರೀತವಾಗಿತ್ತು.