ದೊಡ್ಡಮ್ಮ ಉಳಿಸಿದ್ದು

ನನ್ನ ದೊಡ್ಡಮ್ಮ ಎಂಜಲು ಕೈಯಲ್ಲಿ ಕಾಗೆ ಓಡಿಸುವವಳಲ್ಲ ಎಂದು ನಮ್ಮ ಬೀದಿಯವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಅರ್ಧ ಮಾತ್ರ ನಿಜ. ತನ್ನ ವಿಷಯಕ್ಕೆ ಬಂದರೆ ಮಹಾ ಜಿಪುಣಿ. ಚಪ್ಪಲಿಯ ಉಂಗುಷ್ಠ ಕಿತ್ತುಹೋದರೆ ಮೂರು ಸಲ ಹೊಲಿಸುತ್ತಾಳೆ, ನಾಲ್ಕನೆಯ ಸಲ ಹೊಲಿಯುವವನೇ ಕೈಮುಗಿದು ಬೇಡ ಅನ್ನುತ್ತಾನೆ. ಆದರೆ ಅವಳ ಶಿಶುವಿಹಾರದಲ್ಲಿ ಯಾವ ಮಗುವೂ ಹೊಟ್ಟೆ ಹಸಿದುಕೊಂಡು ಕೂತದ್ದನ್ನು ನಾನು ನೋಡಿರಲಿಲ್ಲ. ನೋಡಬೇಕಾದ ದಿನವೊಂದು ಬಂತು, ಅದನ್ನೇ ಹೇಳಲು ಕೂತಿದ್ದೇನೆ.

ಅದು ಸರ್ಕಾರಿ ಶಿಶುವಿಹಾರ. ಎರಡು ಕೋಣೆ, ಒಂದು ಅಡುಗೆಮನೆ, ಕಬ್ಬಿಣದ ಗೇಟು, ಅಂಗಳದಲ್ಲಿ ಒಂದು ಜಾರುಬಂಡೆ. ಹತ್ತಿರದ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದೊಯ್ಯುತ್ತಾರೆ. ದೊಡ್ಡಮ್ಮ ಅಲ್ಲಿನ ಮುಖ್ಯ ಟೀಚರ್. ಜೊತೆಗೆ ಒಬ್ಬ ಆಯಾ. ಪ್ರತಿ ವರ್ಷ ಮಕ್ಕಳ ಊಟ, ಹಾಲು, ಆಟದ ಸಾಮಾನು, ಗ್ಯಾಸು, ಸುಣ್ಣಬಣ್ಣ ಎಂದು ಸರ್ಕಾರ ಇಂತಿಷ್ಟು ಹಣ ಕೊಡುತ್ತದೆ. ಆ ಹಣವನ್ನು ಉಳಿಸುವುದೇ ದೊಡ್ಡಮ್ಮನ ಜೀವನದ ಸಾಧನೆಯಾಗಿತ್ತು.

ಉಳಿಸುವ ಬಗೆ ಹೇಗೆಂದರೆ, ತರಕಾರಿ ದೊಡ್ಡಪ್ಪನ ಹಿತ್ತಲಿಂದ. ದೊಡ್ಡಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ನಿವೃತ್ತರಾದ ಮೇಲೆ ಬಸ್ಸಿನ ಬದಲು ಬದನೆಗಿಡದ ಕೆಳಗೆ ಮಲಗುತ್ತಾರೆ ಎಂದು ನಾವು ನಗುತ್ತಿದ್ದೆವು. ಬ್ರೆಡ್ಡು ಮೂಲೆಯ ಬೇಕರಿಯವನು ಪುಕ್ಕಟೆ ಕೊಟ್ಟದ್ದು. ಚಾಪೆಗಳು ನಮ್ಮ ಹಳೇ ಸೀರೆಗಳಿಂದ ಹೊಲಿದವು, ನನ್ನ ಒಂದು ಒಳ್ಳೆಯ ಸೀರೆಯೂ ಕೇಳದೆ ಅಲ್ಲಿ ಹೋಗಿ ಚಾಪೆಯಾಗಿದೆ. ಗೋಡೆಗೆ ಬಣ್ಣ ಬಳಿಯುವುದು ರಜೆಯ ದಿನ ನಾವು ಮನೆಮಂದಿ. ಗ್ಯಾಸ್ ತೀರಿದರೆ ಮನೆಯ ಸಿಲಿಂಡರ್ ಸ್ಕೂಟರ್ ಮೇಲೆ ಹೋಗುತ್ತಿತ್ತು, ಮನೆಯಲ್ಲಿ ಆ ದಿನ ಊಟಕ್ಕೆ ಬಾಳೆಹಣ್ಣು. ವರ್ಷದ ಕೊನೆಯಲ್ಲಿ ಉಳಿದ ಹಣವನ್ನು ಸರ್ಕಾರಕ್ಕೆ ವಾಪಸ್ ಕಳಿಸಿ, ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಹಾಗೆ ಬೀಗುತ್ತಾ ಮನೆಗೆ ಬರುತ್ತಿದ್ದಳು.

ಬೇರೆ ಕೇಂದ್ರದವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅವರು ಕೊನೆಯ ತಿಂಗಳಲ್ಲಿ ಉಳಿದದ್ದನ್ನೆಲ್ಲ ಬಕೆಟ್ಟು, ಕುರ್ಚಿ, ಬಣ್ಣದ ಚೆಂಡು ಎಂದು ಖರ್ಚು ಮಾಡಿ ಮುಗಿಸುತ್ತಿದ್ದರು.

"ದುಂದುಗಾರರು," ಅನ್ನುತ್ತಿದ್ದಳು. "ಯಾರಪ್ಪನ ಮನೆ ಗಂಟು ಅಂತ ಹೀಗೆ ಸುರೀತಾರೆ? ನಾವು ಉಳಿಸಿದ್ದು ಇನ್ನೆಲ್ಲೋ ಯಾವುದೋ ಮಗುವಿಗೆ ಹೋಗತ್ತೆ ಕಣೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

ಆದರೆ ವರ್ಷ ವರ್ಷ ಹಾಸಿಗೆಯೇ ಗಿಡ್ಡವಾಗುತ್ತಾ ಬಂತು. ಕಳೆದ ವರ್ಷಕ್ಕಿಂತ ಈ ವರ್ಷ ಕಡಿಮೆ, ಈ ವರ್ಷಕ್ಕಿಂತ ಮುಂದಿನ ವರ್ಷ ಕಡಿಮೆ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಸರ್ಕಾರದ ವ್ಯವಹಾರ ನನಗೆ ತಿಳಿಯದು. ಆದರೂ ಒಮ್ಮೆ ಕೇಳಿದೆ, ಯಾಕೆ ದೊಡ್ಡಮ್ಮ ನಿಮಗೆ ಮಾತ್ರ ಕಡಿಮೆ ಮಾಡ್ತಿದ್ದಾರೆ ಅಂತ.

"ಸರ್ಕಾರಕ್ಕೂ ಕಷ್ಟ ಇರತ್ತೆ," ಅಂದಳು, ಸರ್ಕಾರ ತನ್ನ ಸಾಲಗಾರ ತಮ್ಮನೋ ಎಂಬಂತೆ. ಇನ್ನೊಂದು ಮಡಿ ಬದನೆ ಹಾಕಲು ದೊಡ್ಡಪ್ಪನಿಗೆ ಹುಕುಂ ಆಯಿತು.

ಹೀಗಿರುವಾಗ ಅವಳಿಗೆ ಪ್ರಶಸ್ತಿ ಬಂತು. ಅತ್ಯುತ್ತಮ ಕೇಂದ್ರ ನಿರ್ವಹಣೆಗಾಗಿ. ನಾನು ಅರ್ಧ ದಿನ ರಜೆ ಹಾಕಿ ಸ್ಕೂಟರ್‌ನಲ್ಲಿ ಕರೆದುಕೊಂಡು ಹೋದೆ. ಹಿಂದೆ ಕೂತು ದಾರಿಯುದ್ದಕ್ಕೂ, ವೇದಿಕೆ ಮೇಲೆ ಏನಾದರೂ ಮಾತಾಡು ಅಂದರೆ ಏನು ಮಾತಾಡಲಿ ಎಂದು ನನ್ನ ಕಿವಿ ತಿಂದಳು.

ಇಲಾಖೆಯ ಸಭಾಂಗಣ ತುಂಬಿತ್ತು. ಎಲ್ಲ ಶಿಶುವಿಹಾರಗಳ ಟೀಚರುಗಳು ಬಂದಿದ್ದರು. ಯೋಜನಾಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು, ನಯವಾದ ಮಾತು, ಇಸ್ತ್ರಿ ಮಾಡಿದ ಅಂಗಿ. ದೊಡ್ಡಮ್ಮನಿಗೆ ಫಲಕ ಕೊಟ್ಟು, ವೇದಿಕೆಯ ಮೇಲೆ ಕೂರಿಸಿ, ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಒಂದೊಂದು ಕೇಂದ್ರಕ್ಕೂ ಒಂದೊಂದು ಕಂಬ. ಒಂದು ಮಗುವಿಗೆ ಎಷ್ಟು ಖರ್ಚಾಯಿತೋ ಅಷ್ಟು ಎತ್ತರ. ಎಲ್ಲ ಕಂಬಗಳೂ ಎತ್ತರವಾಗಿದ್ದವು. ತುದಿಯಲ್ಲಿ ಒಂದು ಮಾತ್ರ ಗಿಡ್ಡ, ಅದಕ್ಕೆ ಹಸಿರು ಬಣ್ಣ.

"ಇದು ಈ ಮೇಡಂ ಕೇಂದ್ರ," ಅಂದರು ಅಧಿಕಾರಿ. "ಮಕ್ಕಳ ತೂಕ ನೋಡಿದೀವಿ, ಹಾಜರಿ ನೋಡಿದೀವಿ. ಎಲ್ಲಾ ಚೆನ್ನಾಗಿದೆ. ಅಂದ್ರೆ ಒಂದು ಮಗುವಿಗೆ ಇಷ್ಟೇ ಸಾಕು ಅಂತ ಇವರು ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಮುಂದಿನ ವರ್ಷದಿಂದ ಎಲ್ಲಾ ಕೇಂದ್ರಗಳಿಗೂ ಇದೇ ದರ."

ಗುಂಡಿ ಒತ್ತಿದರು. ಪರದೆಯ ಮೇಲಿನ ಅಷ್ಟೂ ಕಂಬಗಳು ಒಂದೇ ಸಲ ಕುಸಿದು ದೊಡ್ಡಮ್ಮನ ಎತ್ತರಕ್ಕೆ ಬಂದು ನಿಂತವು.

ಚಪ್ಪಾಳೆ ಬೀಳಲಿಲ್ಲ. ನಾನು ದೊಡ್ಡಮ್ಮನ ಮುಖ ನೋಡಿದೆ. ಫಲಕವನ್ನು ಎದೆಗೆ ಅವಚಿಕೊಂಡು, ಬಾಯಿ ಸ್ವಲ್ಪ ತೆರೆದು, ಪರದೆಯನ್ನೇ ನೋಡುತ್ತಿದ್ದಳು. ಕಾಲು ಮಡಚಿ ಮಲಗುವುದನ್ನು ಕಲಿತವಳನ್ನು ನೋಡಿಕೊಂಡು ಊರವರ ಹಾಸಿಗೆಯನ್ನೆಲ್ಲ ಕತ್ತರಿಸಿದ್ದರು.

ಮುಂದಿನ ಸಾಲಿನಿಂದ ಒಬ್ಬಾಕೆ ಎದ್ದಳು. ಇಟ್ಟಿಗೆ ಗೂಡುಗಳ ಬಳಿಯ ಕೇಂದ್ರದ ಟೀಚರ್. ಜಗಳದ ದನಿಯಲ್ಲ, ದಾರಿ ಕೇಳುವವರ ದನಿ.

"ಸಾರ್, ಇಷ್ಟರಲ್ಲಿ ಆದ್ರೆ ಹಾಲು ಬಿಡಬೇಕಾಗತ್ತೆ. ವಾರದಲ್ಲಿ ಯಾವ ಯಾವ ದಿನ ಬಿಡೋದು, ನೀವೇ ಹೇಳ್ಬಿಡಿ."

ಆಗ ದೊಡ್ಡಮ್ಮ ಎದ್ದು ಮೈಕಿನ ಬಳಿ ಬಂದಳು. ಯಾರೂ ಕರೆದಿರಲಿಲ್ಲ. "ಸಾರ್, ಇಷ್ಟು ಸಾಕಾಗಲ್ಲ," ಅಂದಳು. "ನನಗೂ ಸಾಕಾಗಲ್ಲ. ತರಕಾರಿ ನಮ್ಮ ಹಿತ್ತಲದ್ದು. ಗ್ಯಾಸು ಮನೇದು. ಬಣ್ಣ ನಾವೇ ಬಳಿಯೋದು. ಬ್ರೆಡ್ಡು ಬೇಕರಿಯವರ ಧರ್ಮ. ಇದ್ಯಾವುದೂ ಲೆಕ್ಕದಲ್ಲಿ ಬಂದಿಲ್ಲ, ಅದಕ್ಕೇ ಕಡಿಮೆ ಕಾಣ್ತಿದೆ. ಮಗು ತಿಂದಿರೋದು ಅಷ್ಟಲ್ಲ ಸಾರ್, ಇದರ ಎರಡರಷ್ಟು ತಿಂದಿದೆ."

ಅಧಿಕಾರಿಯ ಮುಖ ಅರಳಿತು. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

"ನೋಡಿ," ಅಂದರು ಸಭೆಯ ಕಡೆ ತಿರುಗಿ. "ಇದನ್ನೇ ನಾವು ಸಮುದಾಯದ ಸಹಭಾಗಿತ್ವ ಅನ್ನೋದು. ಮೇಡಂ ಎಷ್ಟು ಚೆನ್ನಾಗಿ ವಿವರಿಸಿದ್ರು. ಎಲ್ಲರೂ ಬರ್ಕೊಳ್ಳಿ."

ಕೆಲವರು ನಿಜವಾಗಿಯೂ ಬರೆದುಕೊಂಡರು. ದೊಡ್ಡಮ್ಮ ಮೈಕಿನ ಮುಂದೆ ಹಾಗೇ ನಿಂತಿದ್ದಳು. ಆಡಿದ ಮಾತು ಬಾಯಿಂದ ಹೊರಟು ಆ ಮನುಷ್ಯನ ಕಿವಿ ತಲುಪುವಷ್ಟರಲ್ಲಿ ಹೇಗೆ ತಿರುಗಿಹೋಯಿತು ಎಂದು ಅವಳಿಗೆ ತಿಳಿಯಲೇ ಇಲ್ಲ. ನಾನು ಹೋಗಿ ಕೈ ಹಿಡಿದು ಇಳಿಸಿಕೊಂಡು ಬಂದೆ.

ಹೊರಗೆ ಮೆಟ್ಟಿಲ ಬಳಿ ಇಟ್ಟಿಗೆ ಗೂಡಿನ ಟೀಚರ್ ಸಿಕ್ಕಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಕ್ಕಾ," ಅಂದಳು, "ನಮ್ಮ ಕಡೆ ಗಂಡಂದಿರು ಹಿತ್ತಲಿಂದ ತರಕಾರಿ ತಂದುಕೊಡಲ್ಲ. ಹಿತ್ತಲೂ ಇಲ್ಲ. ನನಗಂತೂ ಗಂಡಾನೂ ಇಲ್ಲ. ನಮ್ಮ ಮಕ್ಕಳಿಗೆ ಆ ಹಾಲೊಂದೇ ಇದ್ದಿದ್ದು."

ಆ ರಾತ್ರಿ ದೊಡ್ಡಮ್ಮ ಊಟ ಮಾಡಲಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಎಂದೂ ಬಿಸಾಡದವಳು ಆ ಫಲಕವನ್ನು ಕಸದ ಬುಟ್ಟಿಗೆ ಹಾಕಿದಳು. ಚೌಕಟ್ಟಿನ ಮರ ಚೆನ್ನಾಗಿದೆ ಎಂದು ದೊಡ್ಡಪ್ಪ ಎತ್ತಿಟ್ಟರು, ಬೈಸಿಕೊಂಡರು.

"ನಾನು ಮಕ್ಕಳ ಬಾಯಿಂದ ಕಿತ್ಕೊಂಡೆ," ಅಂದಳು.

"ನೀನೇನು ತಿಂದ್ಯಾ?" ಅಂದರು ದೊಡ್ಡಪ್ಪ. "ಒಂದು ಕಾಸು ಮುಟ್ಟಿಲ್ಲ."

"ತಿಂದಿದ್ರೆ ಕಳ್ಳಿ ಅಂತ ಹಿಡಿದು ಹಾಕ್ತಿದ್ರು, ಮಕ್ಕಳ ದುಡ್ಡಾದ್ರೂ ಉಳೀತಿತ್ತು. ನಾನು ಕಿತ್ಕೊಂಡು, ಕೈಮುಗಿದು ವಾಪಸ್ ಕಳಿಸ್ದೆ."

ಆಮೇಲೆ ಅವಳು ಇಲಾಖೆಗೆ ಎಷ್ಟು ಸಲ ಅಲೆದಳೋ. ದರ ಬದಲಾಗಲಿಲ್ಲ. ಹೊಸ ದರದಲ್ಲಿ ಒಂದು ಕೇಂದ್ರವಾದರೂ ನಿಂತುಹೋಯಿತು ಎಂದು ತೋರಿಸಿ, ಆಮೇಲೆ ನೋಡೋಣ ಎಂದು ಮೇಜಿನ ಆ ಕಡೆಯವರು ಹೇಳಿದರು. ಹೊಸ ವರ್ಷದ ಹಣ ಬಂದಾಗ ಎಲ್ಲ ಕೇಂದ್ರಗಳೂ ಹೇಗೋ ಎಳೆದಾಡಿಕೊಂಡು ನಡೆದವು. ಕೆಲವು ಹಾಲಿಗೆ ನೀರು ಬೆರೆಸಿ, ಕೆಲವು ಮೊಟ್ಟೆ ಬಿಟ್ಟು. ಯಾವುದೂ ನಿಲ್ಲಲಿಲ್ಲ, ಹಾಗಾಗಿ ಎಲ್ಲವೂ ನಡೆಯುತ್ತಿವೆ ಎಂದು ಲೆಕ್ಕ.

ಆಗ ದೊಡ್ಡಮ್ಮ ನಿರ್ಧಾರ ಮಾಡಿದಳು. ಮಕ್ಕಳ ತಾಯಂದಿರನ್ನು ಸಂಜೆ ಅಂಗಳದಲ್ಲಿ ಕೂರಿಸಿ ಹೇಳಿದಳು: "ಇವತ್ತಿನಿಂದ ನನ್ನ ಮನೆಯಿಂದ ಏನೂ ತರಲ್ಲ. ಸರ್ಕಾರ ಕೊಟ್ಟಿದ್ದನ್ನ ಹೊಟ್ಟೆ ತುಂಬಾ ಬಡಿಸ್ತೀನಿ, ನೀರು ಬೆರೆಸಲ್ಲ. ತೀರಿದ ದಿನ ಒಲೆ ಹಚ್ಚಲ್ಲ. ಹಿಂದಿನ ಸಂಜೆ ನಿಮಗೆ ಹೇಳ್ತೀನಿ."

ಒಬ್ಬ ತಾಯಿ ಸಿಡಿದಳು. "ನಿಮಗೂ ಅವರಿಗೂ ಜಗಳ ಆದ್ರೆ ನಮ್ಮ ಮಕ್ಕಳು ಉಪವಾಸ ಇರಬೇಕಾ? ಬೆಳಿಗ್ಗೆ ಆರಕ್ಕೆ ಹೊರಡೋಳು ನಾನು ಯಾವಾಗ ಅಡುಗೆ ಮಾಡ್ಲಿ?"

ನಿನಗೆ ತಲೆ ಕೆಟ್ಟಿದೆ ಎಂದು ಅವತ್ತು ನಾನೂ ದೊಡ್ಡಮ್ಮನ ಮೇಲೆ ಕೂಗಾಡಿದೆ.

ತಿಂಗಳು ಮುಗಿಯುವ ಮೊದಲೇ ಡಬ್ಬಗಳು ಬರಿದಾದವು. ಹಿಂದಿನ ಸಂಜೆ ತಾಯಂದಿರಿಗೆ ಹೇಳಿದಳು, ಇಲಾಖೆಗೂ ತಿಳಿಸಿದಳು. ಇಲಾಖೆಯವರು ನಂಬಲಿಲ್ಲ. ಈ ಮೇಡಂ ಹೇಗಾದರೂ ಮಾಡುತ್ತಾರೆ ಎಂದುಕೊಂಡರಂತೆ. ಭಯವಾಗಿ ನಾನೂ ರಜೆ ಹಾಕಿ ಶಿಶುವಿಹಾರಕ್ಕೆ ಹೋದೆ.

ಕೆಲವು ಮಕ್ಕಳ ಚೀಲದಲ್ಲಿ ಬ್ರೆಡ್ಡು ಇತ್ತು. ಆಯಾ ಅದನ್ನೇ ಚೂರು ಮಾಡಿ ಎಲ್ಲರಿಗೂ ಹಂಚಿದಳು, ಒಂದೊಂದು ತುತ್ತು ಬಂತು. ಊಟದ ಹೊತ್ತಿಗೆ ಮಕ್ಕಳು ಯಾರೂ ಹೇಳದೆ ಕೈ ತೊಳೆದುಕೊಂಡು, ತಟ್ಟೆ ಮುಂದಿಟ್ಟುಕೊಂಡು ಸಾಲಾಗಿ ಕೂತವು. ಅಭ್ಯಾಸ. ಎರಡು ಜಡೆಯ ಒಂದು ಹುಡುಗಿ ಕೇಳಿತು, "ಟೀಚರ್, ಬೇಯ್ತಾ ಇದ್ಯಾ?"

"ಇಲ್ಲ ಕಂದ," ಅಂದಳು ದೊಡ್ಡಮ್ಮ. ಸುಳ್ಳು ಹೇಳಬಹುದಿತ್ತು.

ಅಷ್ಟರಲ್ಲಿ ಗೇಟಿನ ಬಳಿ ದೊಡ್ಡಪ್ಪ ಬಂದು ನಿಂತರು. ಎರಡು ಕೈಯಲ್ಲೂ ಚೀಲ, ಮುಚ್ಚಳ ಕಟ್ಟಿದ ಪಾತ್ರೆ. ಮಕ್ಕಳು ಅವರನ್ನು ಕಂಡು ಹೋ ಎಂದು ಕೂಗಿದವು. ದೊಡ್ಡಮ್ಮ ಓಡಿಹೋಗಿ ಗೇಟಿನ ಚಿಲಕ ಹಾಕಿದಳು. ನಾನು ನಂಬಲಾರದೆ ನೋಡಿದೆ.

"ಒಳಗೆ ತರಬೇಡಿ."

"ಮಕ್ಕಳು ಕಣೇ," ಅಂದರು ದೊಡ್ಡಪ್ಪ.

"ಇಲ್ಲಿ ಒಂದಿಷ್ಟು ಮಕ್ಕಳು. ಅಲ್ಲಿ ಗೂಡಿನ ಹತ್ರ ಎಷ್ಟಿವೆ? ಅವರ ಗೇಟಿಗೆ ಯಾರು ಬರ್ತಾರೆ? ನಾಳೆ ಬೇಕಾದ್ರೆ ನನ್ನನ್ನ ಮನೆಯಿಂದ ಹೊರಗೆ ಹಾಕಿ. ಇವತ್ತು ಹೋಗಿ."

ದೊಡ್ಡಪ್ಪ ಪಾತ್ರೆಯನ್ನು ನೆಲದ ಮೇಲಿಟ್ಟು ರಸ್ತೆಯಲ್ಲೇ ಕೂತರು. ಅವರು ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಯೋಜನಾಧಿಕಾರಿಯ ಜೀಪು ಬಂದಾಗ ಹೊತ್ತು ವಾಲಿತ್ತು. ತಾಯಂದಿರಲ್ಲಿ ಯಾರೋ ಫೋನ್ ಮಾಡಿ ಬೈದಿದ್ದರಂತೆ. ಒಳಗೆ ಬಂದವರು ತಟ್ಟೆಗಳ ಸಾಲಿನ ಮುಂದೆ ನಿಂತುಬಿಟ್ಟರು. ನಯವಾದ ಮಾತು ಬರಲಿಲ್ಲ.

"ನೀವು ಹೀಗೆ ಮಾಡ್ತೀರಾ ಮೇಡಂ? ನೀವಾ?"

"ನಾನೇ ಸಾರ್. ನೀವು ಕೊಟ್ಟಿದ್ದು ತೀರಿದೆ."

"ಮೇಲಿಂದ ಮಂಜೂರಾಗಬೇಕು. ಒಂದು ವಾರ ಆದ್ರೂ ಬೇಕು."

"ಸರಿ. ಒಂದು ವಾರ ಬಿಟ್ಟು ಹಸಿವು ಮಾಡ್ಕೊಳ್ಳಿ ಅಂತ ಮಕ್ಕಳಿಗೆ ಹೇಳ್ತೀನಿ."

ಅಧಿಕಾರಿ ಒಂದು ಗಳಿಗೆ ಮಕ್ಕಳನ್ನು ನೋಡಿದರು. ಆಮೇಲೆ ಜೇಬಿನಿಂದ ಪರ್ಸು ತೆಗೆದು, ಇದ್ದ ನೋಟುಗಳನ್ನೆಲ್ಲ ಎಳೆದು ದೊಡ್ಡಮ್ಮನ ಮುಂದೆ ಹಿಡಿದರು. "ತಗೊಳ್ಳಿ. ಇವತ್ತಿಗೆ ನಡೆಸಿ. ಲೆಕ್ಕಕ್ಕೆ ಬರೀಬೇಡಿ, ಇದು ನನ್ನ ಸ್ವಂತದ್ದು."

ದೊಡ್ಡಮ್ಮ ಅವರ ಕೈಯನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ನಾನೂ ಹೀಗೇ ಶುರು ಮಾಡಿದ್ದು ಸಾರ್," ಅಂದಳು.

ಅವರ ಕೈ ಅಲ್ಲೇ ನಿಂತಿತು. ನೋಟುಗಳನ್ನು ಒಳಗಿಟ್ಟುಕೊಂಡು, ಮೆಟ್ಟಿಲ ಮೇಲೆ ಕೂತು ಫೋನ್ ಹಿಡಿದರು. ಒಂದಾದ ಮೇಲೊಂದು. "ಇಲ್ಲ ಸಾರ್, ವಾರ ಆಗಲ್ಲ... ಇಲ್ಲ, ಎಲ್ಲಾ ಕೇಂದ್ರಕ್ಕೂ... ಹೌದು ಸಾರ್, ದರ ತಪ್ಪಿದೆ. ತಪ್ಪು ನಂದೇ. ಊಟ ಬರೋವರೆಗೂ ನಾನು ಇಲ್ಲಿಂದ ಏಳಲ್ಲ."

ಊಟ ಬಂತು, ಇಲಾಖೆಯ ಗಾಡಿಯಲ್ಲಿ, ಬಿಲ್ಲಿನ ಸಮೇತ. ಆ ವರ್ಷದ ಮಧ್ಯದಲ್ಲಿ ದರವೂ ಏರಿತು, ಇಟ್ಟಿಗೆ ಗೂಡಿನ ಮಕ್ಕಳಿಗೆ ಹಾಲು ಮತ್ತೆ ಶುರುವಾಯಿತು. ಅದನ್ನೆಲ್ಲ ಜನ ಈಗ ದೊಡ್ಡಮ್ಮನ ಸಾಹಸವೆಂಬಂತೆ ಹೇಳುತ್ತಾರೆ. ಅವಳು ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾಳೆ.

ಗಾಡಿ ಬರುವಾಗ ಸಂಜೆಯಾಗುತ್ತಾ ಬಂದಿತ್ತು. ಎರಡು ಜಡೆಯ ಆ ಹುಡುಗಿ ಕಾದು ಕಾದು ಖಾಲಿ ತಟ್ಟೆಯ ಪಕ್ಕದಲ್ಲೇ ನಿದ್ದೆ ಹೋಗಿತ್ತು. ದೊಡ್ಡಮ್ಮ ಅನ್ನ ಹಿಡಿದುಕೊಂಡು ಅದರ ಪಕ್ಕ ಬಗ್ಗಿದಳು, ಮುಟ್ಟಲು ಕೈ ಚಾಚಿದಳು, ಹಿಂದೆಗೆದಳು. ಎಬ್ಬಿಸುವ ಧೈರ್ಯ ಅವಳಿಗೆ ಬರಲಿಲ್ಲ. ನಾನೇ ಎಬ್ಬಿಸಿ ಉಣ್ಣಿಸಿದೆ.